ಆಯಿಲ್ ಮಂಜು ಹಿಡಿಯುವ ಡಬ್ಬಿ

ಪಿಸ್ಟನ್ನು ಸಿಲಿಂಡರಿನ ಒಳಗೋಡೆಗೆ ಪೂರ್ತಿ ಅಂಟಿಕೊಂಡು ಓಡುವುದಿಲ್ಲ. ಓಡಲೂಬಾರದು. ಎರಡೂ ಲೋಹವಾದ್ದರಿಂದ ಬಿಸಿಯೇರಿದಂತೆ ಹಿಗ್ಗುತ್ತವೆ. ನಡುವೆ ಸಂದಿಲ್ಲದಿದ್ದರೆ ಎಂಜಿನ್ ಬೇಗನೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆ ಸಂದನ್ನು ಕಾಯುವ ಕೆಲಸ ರಿಂಗುಗಳದ್ದು. ಪೆಟ್ರೋಲ್ ಕಾರಿನ ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗುಗಳಿರುತ್ತವೆ. ಮೇಲಿನ ಎರಡು ಅನಿಲವನ್ನು ತಡೆಯುತ್ತವೆ, ಕೆಳಗಿನದು ಗೋಡೆಯ ಮೇಲಿನ ಆಯಿಲನ್ನು ಬಳಿದು ಕೆಳಕ್ಕೆ ಕಳಿಸುತ್ತದೆ. ರಿಂಗು ಎಂದರೂ ಅದು ಪೂರ್ಣ ವೃತ್ತವಲ್ಲ. ಒಂದು ಕಡೆ ಕತ್ತರಿಸಿದ್ದು, ತುದಿಗಳ ನಡುವೆ ಅರ್ಧ ಮಿಲಿಮೀಟರಿನ ಆಸುಪಾಸು ಜಾಗ ಬಿಟ್ಟಿರುತ್ತಾರೆ. ಬಿಸಿಗೆ ಹಿಗ್ಗಿದ ತುದಿಗಳು ಒಂದನ್ನೊಂದು ಒತ್ತಿದರೆ ರಿಂಗು ಸಿಲಿಂಡರನ್ನು ಗೀರುತ್ತದೆ, ಇಲ್ಲವೇ ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ. ಹಾಗಾಗಿ ಆ ಜಾಗ ಬೇಕೇ ಬೇಕು. ಬೇಕೆಂದು ಬಿಟ್ಟ ಆ ಜಾಗದಿಂದ ಪ್ರತಿ ದಹನದಲ್ಲೂ ಒಂದಿಷ್ಟು ಅನಿಲ ಕೆಳಕ್ಕೆ ನುಸುಳುತ್ತದೆ.

ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ 400 ದಹನಗಳು ನಡೆಯುತ್ತವೆ. ಪ್ರತಿಯೊಂದರಲ್ಲೂ ಸೋರುವುದು ಅತ್ಯಲ್ಪ. ಆದರೆ 400 ಅತ್ಯಲ್ಪಗಳು ಸೇರಿದರೆ ಅದು ಬಿಡದೆ ಬೀಸುವ ಗಾಳಿ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಹಳೆಯ ಗಾಡಿ ತಂದರೆ ಮೆಕ್ಯಾನಿಕ್ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವುದು. ಅಲ್ಲಿಂದ ಹೊಗೆ ಭುಸುಗುಟ್ಟಿದರೆ ‘ಎಂಜಿನ್ ಬೋರಿಗೆ ಬಂದಿದೆ’ ಎಂದು ಹೇಳಿಬಿಡುತ್ತಾನೆ. ಸವೆದ ಎಂಜಿನ್ನಿನಲ್ಲಿ ಈ ಸೋರಿಕೆ ಹೆಚ್ಚು, ಹೊಸದರಲ್ಲಿ ಕಡಿಮೆ. ಸೊನ್ನೆ ಮಾತ್ರ ಎಲ್ಲೂ ಇಲ್ಲ.

ಹೀಗೆ ನುಸುಳಿದ ಅನಿಲ ಹೋಗಿ ಸೇರುವುದು ಕ್ರ್ಯಾಂಕ್‌ಕೇಸಿಗೆ, ಅಂದರೆ ಪಿಸ್ಟನ್ನುಗಳ ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಕೋಣೆಗೆ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ ಇದೆ, ಉರಿದು ಬಂದ ಅನಿಲಗಳಿವೆ, ನೀರಾವಿ ಇದೆ. ನೀರೆಲ್ಲಿಂದ ಬಂತು ಎಂದು ಕೇಳುವವರುಂಟು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ಆಗುವುದು ನೀರೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೊರಟುಹೋಗುತ್ತದೆ. ಸ್ವಲ್ಪ ಪಾಲು ರಿಂಗಿನ ಸಂದಿನಿಂದ ಕೆಳಗಿಳಿಯುತ್ತದೆ. ಕೆಳಗೆ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಚಿಮ್ಮಿಸುತ್ತಿರುತ್ತದೆ, ಬೇರಿಂಗುಗಳ ಅಂಚಿನಿಂದ ಆಯಿಲ್ ಸಿಡಿಯುತ್ತಿರುತ್ತದೆ, ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನಿನ ತಳ ತಣಿಸಲು ಆಯಿಲಿನ ಚಿಲುಮೆಯೇ ಇರುತ್ತದೆ. ಇವೆಲ್ಲ ಸೇರಿ ಆ ಕೋಣೆಯ ಗಾಳಿ ಆಯಿಲಿನ ಮಂಜಾಗುತ್ತದೆ. ಈ ಮಂಜಿಗೆ ಹೊರದಾರಿ ಇಲ್ಲದಿದ್ದರೆ ಒತ್ತಡ ಏರಿ, ಆಯಿಲ್ ಸೀಲುಗಳು ಸೋರತೊಡಗುತ್ತವೆ, ಡಿಪ್ ಸ್ಟಿಕ್ ತನ್ನ ಕೊಳವೆಯಿಂದ ಮೇಲೆದ್ದು ಬರುತ್ತದೆ.

ಕಾರಿನ ಮೊದಲ ದಶಕಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಸರಳ: ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆ ಎಳೆದು ಗಾಡಿಯ ಅಡಿಗೆ ಬಿಡುವುದು. ಓಡುವ ಗಾಡಿಯ ಕೆಳಗಿನ ಗಾಳಿ ಕೊಳವೆಯ ಬಾಯಿಂದ ಅನಿಲವನ್ನು ಎಳೆದುಕೊಳ್ಳುತ್ತಿತ್ತು, ಆಯಿಲ್ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ನಮ್ಮ ಹಳೆಯ ಲಾರಿಗಳ ಕೆಳಗೆ ಬ್ರೀದರ್ ಪೈಪಿನ ತುದಿಯಲ್ಲಿ ಕಪ್ಪು ಜಿಡ್ಡು ನೋಡಿದವರಿಗೆ ಇದು ಹೊಸದಲ್ಲ. ಈ ಪದ್ಧತಿಗೆ ಕುತ್ತು ಬಂದದ್ದು ಅಮೆರಿಕದಲ್ಲಿ. ಅಲ್ಲಿನ ಲಾಸ್ ಏಂಜಲೀಸ್ ನಗರ 1940ರ ದಶಕದಿಂದ ಕಣ್ಣುರಿಸುವ ಕಂದು ಮಬ್ಬಿನಲ್ಲಿ ಮುಳುಗತೊಡಗಿತು. ಕ್ಯಾಲ್‌ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಆ ಮಬ್ಬಿನ ಹುಟ್ಟನ್ನು ಬಿಡಿಸಿ ತೋರಿಸಿದರು: ಉರಿಯದ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನ್ ಮತ್ತಿತರ ಕಣ್ಣುರಿಸುವ ವಸ್ತುಗಳಾಗುತ್ತಿದ್ದವು. ಕಾರುಗಳು ಉಗುಳುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸಣ್ಣದಲ್ಲದ ಪಾಲು ಸೈಲೆನ್ಸರಿನಿಂದಲ್ಲ, ಈ ಬ್ರೀದರ್ ಕೊಳವೆಯಿಂದ ಬರುತ್ತಿತ್ತು. 1961ರಲ್ಲಿ ಕ್ಯಾಲಿಫೋರ್ನಿಯಾ ಆ ಅನಿಲವನ್ನು ಹೊರಬಿಡದೆ ಎಂಜಿನ್ನಿಗೇ ಉಣಿಸಬೇಕೆಂದು ಆದೇಶಿಸಿತು. 1963ರಿಂದ ಅಲ್ಲಿ ಮಾರುವ ಅಮೆರಿಕನ್ ಕಾರುಗಳಿಗೆ ಅದು ಜಾರಿಗೆ ಬಂತು. ಕಾರಿನ ಹೊಗೆ ನಿಯಂತ್ರಣಕ್ಕೆ ಆ ದೇಶದಲ್ಲಿ ಕಡ್ಡಾಯವಾದ ಮೊದಲ ಸಾಧನ ಇದೇ. ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು ಇದಾಗಿ ಹತ್ತು ವರ್ಷಕ್ಕೂ ಮೇಲೆ.

ಈ ವ್ಯವಸ್ಥೆಗೆ ಪಿಸಿವಿ ಎಂದು ಹೆಸರು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಥ್ರಾಟಲ್ ಕವಾಟದ ಆಚೆ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಉಂಟಾಗುತ್ತದಲ್ಲ, ಅದಕ್ಕೆ ಕ್ರ್ಯಾಂಕ್‌ಕೇಸನ್ನು ಒಂದು ಹೋಸಿನ ಮೂಲಕ ಜೋಡಿಸುತ್ತಾರೆ. ಹೋಸಿನ ಬಾಯಲ್ಲಿ ಸ್ಪ್ರಿಂಗಿನ ಪುಟ್ಟ ಕವಾಟ. ಐಡ್ಲಿಂಗ್‌ನಲ್ಲಿ ನಿರ್ವಾತ ಜೋರಾಗಿರುವುದರಿಂದ ಕವಾಟ ದಾರಿಯನ್ನು ಕಿರಿದು ಮಾಡುತ್ತದೆ. ಹದವಾಗಿ ಓಡುವಾಗ ಅಗಲಿಸುತ್ತದೆ. ಮ್ಯಾನಿಫೋಲ್ಡಿನ ಕಡೆಯಿಂದ ಒತ್ತಡ ತಿರುಗಿ ಬಂದರೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಹೋಸು ಏರ್ ಫಿಲ್ಟರಿನಿಂದ ಶುದ್ಧ ಗಾಳಿಯನ್ನು ಕ್ರ್ಯಾಂಕ್‌ಕೇಸಿಗೆ ತರುತ್ತದೆ. ಒಂದು ಕಡೆಯಿಂದ ಶುದ್ಧ ಗಾಳಿ ಒಳಗೆ, ಇನ್ನೊಂದು ಕಡೆಯಿಂದ ಕೊಳಕು ಗಾಳಿ ಹೊರಗೆ. ಈ ಎರಡು ಹೋಸುಗಳನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅವುಗಳದ್ದೇ.

ಸಾಮಾನ್ಯ ಕಾರಿಗೆ ಈ ಏರ್ಪಾಟು ಚೆನ್ನಾಗಿಯೇ ಹೊಂದುತ್ತದೆ. ಕ್ರ್ಯಾಂಕ್‌ಕೇಸಿನ ಗಾಳಿ ಹೊರಬೀಳುವ, ಎಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನೊಳಗೆ ಕಂಪನಿಯವರೇ ಕೆಲವು ತಡೆಗೋಡೆಗಳನ್ನು ಇಟ್ಟಿರುತ್ತಾರೆ; ದೊಡ್ಡ ಹನಿಗಳು ಅಲ್ಲೇ ಬಿದ್ದು ಮರಳಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತವೆ. ತಪ್ಪಿಸಿಕೊಂಡ ಮಂಜು ಇನ್‌ಟೇಕಿನಲ್ಲಿ ತೆಳ್ಳಗೆ ಜಿಡ್ಡು ಬಳಿಯುತ್ತದೆ, ಉಳಿದದ್ದು ಉರಿದುಹೋಗುತ್ತದೆ. ಸೂಪರ್‌ಚಾರ್ಜರ್ ಕೂರಿಸಿದ ದಿನ ಲೆಕ್ಕ ಬದಲಾಗುತ್ತದೆ.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನದೇ ಬೆಲ್ಟಿನಿಂದ ತಿರುಗುವ ಗಾಳಿ ಪಂಪು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು, ಫಿಲಾಂಡರ್ ಮತ್ತು ಫ್ರಾನ್ಸಿಸ್, 1860ರಲ್ಲಿ ಪೇಟೆಂಟ್ ಪಡೆದ ಜೋಡಿ ರೋಟರಿನ ಬ್ಲೋವರ್ ಇಂದಿನ ಹಲವು ಸೂಪರ್‌ಚಾರ್ಜರುಗಳ ಮೂಲಪುರುಷ. ಕಾರೇ ಇಲ್ಲದ ಕಾಲವದು. ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿಯೂದಲು ಅದು ಬಳಕೆಯಾಯಿತು. 1921ರಲ್ಲಿ ಮರ್ಸಿಡಿಸ್ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಜನರೆದುರು ತಂದಿತು. ಅಂದಿನಿಂದ ಉದ್ದೇಶ ಒಂದೇ: ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವುದು, ಅದಕ್ಕೆ ತಕ್ಕ ಪೆಟ್ರೋಲ್ ಉಣಿಸುವುದು, ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯುವುದು.

ಹೆಚ್ಚು ಗಾಳಿ ಎಂದರೆ ಸಿಲಿಂಡರಿನಲ್ಲಿ ಹೆಚ್ಚು ಒತ್ತಡ. ಹೆಚ್ಚು ಒತ್ತಡ ಎಂದರೆ ರಿಂಗಿನ ಸಂದಿನಿಂದ ಹೆಚ್ಚು ಸೋರಿಕೆ. ಅಷ್ಟೇ ಅಲ್ಲ, ಸೂಪರ್‌ಚಾರ್ಜರಿಗೆಂದೇ ಎಂಜಿನ್ ಬಿಚ್ಚಿ ಕಟ್ಟುವವರು ರಿಂಗಿನ ಸಂದನ್ನು ಬೇಕೆಂದೇ ಅಗಲ ಮಾಡುತ್ತಾರೆ, ಹೆಚ್ಚಿನ ಬಿಸಿಗೆ ರಿಂಗು ಹೆಚ್ಚು ಹಿಗ್ಗುತ್ತದೆಂದು. ಬೋರಿನ, ಅಂದರೆ ಸಿಲಿಂಡರಿನ ಒಳ ಅಗಲದ, ಪ್ರತಿ ಇಂಚಿಗೆ ಸಾಧಾರಣ ಎಂಜಿನ್ನಿನಲ್ಲಿ ಇಂಚಿನ ಸಾವಿರದಲ್ಲಿ 4 ಪಾಲು ಬಿಟ್ಟರೆ ಇಲ್ಲಿ 6 ಪಾಲು ಬಿಡುವುದು ಆ ಕಸುಬಿನ ರೂಢಿ. 92 ಮಿಲಿಮೀಟರ್ ಬೋರಿಗೆ ಲೆಕ್ಕ ಹಾಕಿದರೆ ಸುಮಾರು 0.37 ಮಿಲಿಮೀಟರ್ ಇದ್ದದ್ದು 0.55 ಆಗುತ್ತದೆ. ಎಂಜಿನ್ ಬಿಸಿಯಾಗುವ ತನಕ ಆ ಅಗಲದ ಬಾಗಿಲು ತೆರೆದೇ ಇರುತ್ತದೆ.

ಇನ್ನು ಹೋಸಿನಲ್ಲಿ ಬರುವ ಆಯಿಲ್ ಮಂಜು ಮಾಡುವ ಹಾನಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು, ಅದನ್ನು ವಾತಾವರಣದ 1.7 ಪಟ್ಟು ಒತ್ತಡಕ್ಕೆ ಏರಿಸಿದರೆ, ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಪಂಪಿನಲ್ಲೂ ಉಷ್ಣಾಂಶ 49 ಡಿಗ್ರಿ ಏರುತ್ತದೆ. ನಿಜವಾದ ಪಂಪಿನ ದಕ್ಷತೆಯನ್ನು ನೂರಕ್ಕೆ 65 ಎಂದು ಹಿಡಿದರೆ ಏರಿಕೆ 75 ಡಿಗ್ರಿ. ಗಾಳಿ 100 ಡಿಗ್ರಿ ದಾಟಿತು. ಬಿಸಿ ಗಾಳಿ ವಿರಳ, ಜೊತೆಗೆ ನಾಕಿಂಗನ್ನು, ಅಂದರೆ ಮಿಶ್ರಣ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದನ್ನು, ತರಿಸುವಂಥದ್ದು. ಅದನ್ನು ತಣಿಸಲು ನಡುವೆ ಇಂಟರ್‌ಕೂಲರ್ ಇಡುತ್ತಾರೆ. ಆಯಿಲ್ ಬಂದು ಕೂರುವುದು ಇದರ ಸಣ್ಣ ಸಣ್ಣ ರೆಕ್ಕೆಗಳ ಮೇಲೆ. ಆಯಿಲ್ ಶಾಖವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಸಾವಿರ ಪಟ್ಟು ಹಿಂದೆ ಎಂಬುದು ನಿಜ. ಆದರೆ ಅದನ್ನೇ ಹಿಡಿದು, ಒಂದು ತೆಳು ಪೊರೆ ಬಿದ್ದರೆ ಇಂಟರ್‌ಕೂಲರ್ ಕೆಟ್ಟೇಹೋಯಿತು ಎಂದು ಆಯಿಲ್ ಮಂಜು ಹಿಡಿಯುವ ಡಬ್ಬಿ ಮಾರುವವರು ಹೆದರಿಸುವುದು ಸರಿಯಲ್ಲ. ಶಾಖದ ದಾರಿಯಲ್ಲಿ ದೊಡ್ಡ ಅಡ್ಡಿ ಇರುವುದು ಗಾಳಿಯಿಂದ ಲೋಹಕ್ಕೆ ದಾಟುವಲ್ಲಿ. ಕೂದಲೆಳೆಗಿಂತ ತೆಳುವಾದ ಪೊರೆ ಅದಕ್ಕೆ ಸೇರಿಸುವುದು ಕೆಲವೇ ಶೇಕಡಾ. ನಷ್ಟ ಆಗುವುದು ಜಿಡ್ಡು ಗಟ್ಟಿಯಾಗಿ ರೆಕ್ಕೆಗಳ ನಡುವಿನ ಸಂದುಗಳನ್ನೇ ತುಂಬತೊಡಗಿದಾಗ. ಹಲವು ಸೂಪರ್‌ಚಾರ್ಜರ್ ಕಿಟ್ಟುಗಳಲ್ಲಿ ಇಂಟರ್‌ಕೂಲರ್ ಇರುವುದು ಮ್ಯಾನಿಫೋಲ್ಡಿನ ಹೊಟ್ಟೆಯಲ್ಲಿ, ರೋಟರುಗಳಿಗೆ ಅಂಟಿಕೊಂಡೇ. ಅದನ್ನು ತೊಳೆಯಬೇಕೆಂದರೆ ಇಡೀ ಸೂಪರ್‌ಚಾರ್ಜರನ್ನೇ ಇಳಿಸಬೇಕು.

ನನಗೆ ಇದಕ್ಕಿಂತ ದೊಡ್ಡ ಆತಂಕವಾಗಿ ಕಾಣುವುದು ನಾಕಿಂಗ್. ಪೆಟ್ರೋಲಿನ ಆಕ್ಟೇನ್ ಎಂದರೆ ಒತ್ತಿದರೂ ತಾನಾಗಿ ಹೊತ್ತಿಕೊಳ್ಳದೆ ಸ್ಪಾರ್ಕಿಗಾಗಿ ಕಾಯುವ ತಾಳ್ಮೆಯ ಅಳತೆ. ಎಂಜಿನ್ ಆಯಿಲಿನ ಅಣುಗಳು ಉದ್ದ ಸರಪಳಿಯವು, ಅವಕ್ಕೆ ಆ ತಾಳ್ಮೆ ಇಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಡೀಸೆಲ್ ಎಂಜಿನ್ನುಗಳಲ್ಲಿ ಅಪರೂಪಕ್ಕೆ ಆಗುವ ಒಂದು ಭಯಂಕರ ಘಟನೆಯನ್ನು ನೋಡಬೇಕು: ಸೋರಿದ ತನ್ನದೇ ಆಯಿಲನ್ನು ಎಂಜಿನ್ ಗಾಳಿಯ ಜೊತೆ ಎಳೆದುಕೊಂಡು, ಡೀಸೆಲ್ ನಿಲ್ಲಿಸಿ ಕೀ ತೆಗೆದ ಮೇಲೂ, ಆ ಆಯಿಲಿನ ಮೇಲೇ ಹುಚ್ಚೆದ್ದು ಓಡುತ್ತದೆ. ಅಂಥ ಆಯಿಲಿನ ಹನಿ, ಮೊದಲೇ ಒತ್ತಡದ ಅಂಚಿನಲ್ಲಿರುವ ಪೆಟ್ರೋಲ್ ಎಂಜಿನ್ನಿಗೆ ಸೇರಿದರೆ, ಸ್ಪಾರ್ಕ್ ಹಚ್ಚಿದ ಉರಿ ತಲಪುವ ಮೊದಲೇ ಮೂಲೆಯ ಮಿಶ್ರಣ ಸಿಡಿಯುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆ ಸದ್ದು ಕೇಳಿ ಸ್ಪಾರ್ಕಿನ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಹಣ ಕೊಟ್ಟು ಪಡೆದ ಶಕ್ತಿ ಅಷ್ಟರಮಟ್ಟಿಗೆ ಹೋಯಿತು. ಕಂಪ್ಯೂಟರಿಗೂ ತಪ್ಪಿದರೆ ಹೋಗುವುದು ಪಿಸ್ಟನ್ನು.

ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಇನ್ನೊಂದು ತೊಂದರೆ. ಹಳೆಯ ಬಗೆಯಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ಪೆಟ್ರೋಲ್ ಬಿದ್ದು ಅದನ್ನು ತೊಳೆಯುತ್ತಿತ್ತು. ನೇರ ಇಂಜೆಕ್ಷನ್ನಿನಲ್ಲಿ ಆ ಸ್ನಾನ ತಪ್ಪಿತು. ಆಯಿಲ್ ಮಂಜು ಬಿಸಿ ವಾಲ್ವಿನ ಮೇಲೆ ಸುಟ್ಟು ಕರಿಯಾಗಿ ಕಟ್ಟುತ್ತದೆ. ಅದನ್ನು ತೆಗೆಯಲು ಆಕ್ರೋಟದ ಚಿಪ್ಪಿನ ಪುಡಿಯನ್ನು ರಭಸದ ಗಾಳಿಯಲ್ಲಿ ಊದುವ ವಿದ್ಯೆಯೇ ಬೆಳೆದಿದೆ. 2018ರ ಮಾದರಿಯಿಂದ ಫೋರ್ಡ್ ಮಸ್ಟಾಂಗ್ ಜಿಟಿಯ 5.0 ಲೀಟರ್ ವಿ8 ಎಂಜಿನ್ನಿಗೆ ಎರಡೂ ಬಗೆಯ ಇಂಜೆಕ್ಟರುಗಳನ್ನು ಕೊಟ್ಟಿದ್ದಾರೆ, ಆದ್ದರಿಂದ ಅದಕ್ಕೆ ಈ ಕಾಟ ಕಡಿಮೆ.

ಆ ಮಸ್ಟಾಂಗ್ ಎಂಜಿನ್ನನ್ನೇ ಉದಾಹರಣೆಗೆ ಹಿಡಿಯೋಣ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಸೂಪರ್‌ಚಾರ್ಜರ್ ಕೂರಿಸಿಕೊಳ್ಳುವವರ ಮೆಚ್ಚಿನ ಎಂಜಿನ್ ಅದು. ಕೊಯೋಟಿ ಎಂದು ಅದರ ಅಡ್ಡಹೆಸರು. ಎರಡು ಸಾಲು ಸಿಲಿಂಡರುಗಳು, ಎರಡು ಟ್ಯಾಪೆಟ್ ಕವರುಗಳು. ಪಕ್ಕದ ಪ್ರಯಾಣಿಕ ಕೂರುವ ಕಡೆಯ ಕವರಿನಿಂದ ಪಿಸಿವಿ ಹೋಸು ಇನ್‌ಟೇಕಿಗೆ ಹೋಗುತ್ತದೆ. ಡ್ರೈವರಿನ ಕಡೆಯ ಕವರಿಗೆ ಏರ್ ಫಿಲ್ಟರಿನ ನಂತರದ ಕೊಳವೆಯಿಂದ ಶುದ್ಧ ಗಾಳಿ ಬರುತ್ತದೆ. ಆಯಿಲ್ ಮಂಜು ಹಿಡಿಯುವ, ಕ್ಯಾಚ್ ಕ್ಯಾನ್ ಎಂಬ ಡಬ್ಬಿಯನ್ನು ಪಿಸಿವಿ ಹೋಸಿನ ನಡುವೆ ಸೇರಿಸಿ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಸೂಪರ್‌ಚಾರ್ಜರ್ ಇಲ್ಲದ ಕಾರಿಗೆ ಅದು ಬಹುಮಟ್ಟಿಗೆ ಸರಿ. ಸೂಪರ್‌ಚಾರ್ಜರ್ ಇದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಡಬ್ಬಿಯ ಬ್ರ್ಯಾಂಡ್ ಯಾವುದು ಎಂದಲ್ಲ; ಕಾಲು ಪೂರ್ತಿ ಒತ್ತಿದಾಗ ಎಲ್ಲಿ ಒತ್ತಡ ಇದೆ, ಎಲ್ಲಿ ನಿರ್ವಾತ ಇದೆ, ಗಾಳಿ ಯಾವ ಹೋಸಿನಲ್ಲಿ ಯಾವ ಕಡೆಗೆ ಹರಿಯುತ್ತದೆ ಎಂಬುದು.

ವಾರ್ಟೆಕ್ ಅಥವಾ ಪ್ರೋಚಾರ್ಜರ್‌ನಂಥ ಕೇಂದ್ರಾಪಗಾಮಿ ಸೂಪರ್‌ಚಾರ್ಜರ್ ನೋಡಿ. ಅದು ಥ್ರಾಟಲಿಗೂ ಮೊದಲೇ ಕೂರುತ್ತದೆ. ಫಿಲ್ಟರು, ಕಂಪ್ರೆಸರ್, ಇಂಟರ್‌ಕೂಲರ್, ಥ್ರಾಟಲ್, ಮ್ಯಾನಿಫೋಲ್ಡ್ ಎಂಬುದು ಗಾಳಿಯ ದಾರಿ. ಮೆಲ್ಲಗೆ ಓಡಿಸುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇದ್ದೇ ಇರುತ್ತದೆ, ಪಿಸಿವಿ ಹೋಸು ಎಂದಿನಂತೆ ಕ್ರ್ಯಾಂಕ್‌ಕೇಸನ್ನು ಎಳೆಯುತ್ತದೆ. ಕಾಲು ಒತ್ತಿದ ಕೂಡಲೇ ಮ್ಯಾನಿಫೋಲ್ಡಿನಲ್ಲಿ ಒತ್ತಡ ತುಂಬುತ್ತದೆ, ಪಿಸಿವಿ ಕವಾಟ ಮುಚ್ಚಿಕೊಳ್ಳುತ್ತದೆ. ರಿಂಗಿನಿಂದ ಸೋರಿಕೆ ಅತಿ ಹೆಚ್ಚಾಗುವ ಗಳಿಗೆಯೂ ಇದೇ. ಆ ಅನಿಲ ಈಗ ಎಲ್ಲಿ ಹೋಗಬೇಕು? ಉಳಿದಿರುವುದು ಒಂದೇ ದಾರಿ, ಶುದ್ಧ ಗಾಳಿ ಬರಬೇಕಾಗಿದ್ದ ಹೋಸು. ಗಾಳಿ ಅದರಲ್ಲಿ ಹಿಮ್ಮುಖವಾಗಿ ಹರಿದು ಕಂಪ್ರೆಸರಿನ ಬಾಯಿಗೆ ಆಯಿಲ್ ಮಂಜನ್ನು ಸುರಿಯುತ್ತದೆ; ಕಂಪ್ರೆಸರ್ ಅದನ್ನು ಇಂಟರ್‌ಕೂಲರಿಗೆ ಒಯ್ಯುತ್ತದೆ. ಪಿಸಿವಿ ಹೋಸಿಗಷ್ಟೇ ಡಬ್ಬಿ ಕಟ್ಟಿದವರ ಡಬ್ಬಿ ಆ ಹೊತ್ತಿನಲ್ಲಿ ಸುಮ್ಮನೆ ಕೂತಿರುತ್ತದೆ. ಈ ಬಗೆಯ ಕಾರಿಗೆ ಶುದ್ಧ ಗಾಳಿಯ ಕಡೆಗೆ ಇನ್ನೊಂದು ಡಬ್ಬಿ ಬೇಕು. ಒಂದನ್ನೇ ಹಾಕುವಷ್ಟು ಹಣವಿದ್ದರೆ ಆ ಕಡೆಗೇ ಹಾಕಿ ಎನ್ನುತ್ತೇನೆ. ಜೊತೆಗೆ ಪಿಸಿವಿ ದಾರಿಯಲ್ಲಿ ಒತ್ತಡ ತಡೆಯಬಲ್ಲ ಗಟ್ಟಿಯಾದ ಚೆಕ್ ವಾಲ್ವ್ ಇರಬೇಕು. ಅದು ಸೋರಿದರೆ ಸೂಪರ್‌ಚಾರ್ಜರಿನ ಒತ್ತಡ ನೇರವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ, ಹಿಂಬದಿಯ ಮೇನ್ ಸೀಲಿನಿಂದ ಆಯಿಲ್ ಇಳಿಯತೊಡಗುತ್ತದೆ.

ರೌಶ್ ಕಿಟ್ಟಿನಲ್ಲಿರುವ ಈಟನ್ ಟಿವಿಎಸ್ ಅಥವಾ ವಿಪ್ಪಲ್ ಕಂಪನಿಯ ಜೋಡಿ ಸ್ಕ್ರೂ ಬಗೆಯದು ಬೇರೆ. ಎಂಜಿನ್ನಿನ ನೆತ್ತಿಯ ಮೇಲೆ, ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಅದು ಕೂರುತ್ತದೆ; ಥ್ರಾಟಲ್ ಅದಕ್ಕಿಂತ ಮೊದಲು ಬರುತ್ತದೆ. ಪಿಸಿವಿ ಹೋಸನ್ನು ಥ್ರಾಟಲಿಗೂ ರೋಟರುಗಳಿಗೂ ನಡುವಿನ ಜಾಗಕ್ಕೆ ಜೋಡಿಸುತ್ತಾರೆ. ಅಲ್ಲಿ ಎಂದೂ ಒತ್ತಡ ಏರುವುದಿಲ್ಲ, ಹಾಗಾಗಿ ಹೋಸು ಯಾವಾಗಲೂ ಎಳೆಯುವ ದಿಕ್ಕಿನಲ್ಲೇ ಇರುತ್ತದೆ. ಮೇಲ್ನೋಟಕ್ಕೆ ಇದು ಅನುಕೂಲವೇ. ಆದರೆ ಎಳೆದ ಆಯಿಲೆಲ್ಲ ಮೊದಲು ರೋಟರುಗಳಿಗೆ, ಅಲ್ಲಿಂದ ಪಕ್ಕದ ಇಂಟರ್‌ಕೂಲರಿಗೆ. ಥ್ರಾಟಲ್ ಪೂರ್ತಿ ತೆರೆದಾಗ ಆ ಜಾಗದ ನಿರ್ವಾತವೂ ಸಣ್ಣದಾಗುತ್ತದೆ. ಸೋರಿಕೆಯನ್ನೆಲ್ಲ ಎಳೆಯಲು ಪಿಸಿವಿ ಒಂದಕ್ಕೇ ಆಗದೆ, ಮಿಕ್ಕದ್ದು ಇಲ್ಲೂ ಶುದ್ಧ ಗಾಳಿಯ ಹೋಸಿನಲ್ಲಿ ಹಿಂದಕ್ಕೆ ಹೊರಳುತ್ತದೆ. ಆದ್ದರಿಂದ ಈ ಬಗೆಯಲ್ಲಿ ಪಿಸಿವಿ ಕಡೆಯ ಡಬ್ಬಿ ಮೊದಲು. ರೇಸ್ ಟ್ರ್ಯಾಕಿಗೆ ಒಯ್ಯುವವರಿಗೆ ಎರಡನೆಯದೂ ಬೇಕು.

ಡಬ್ಬಿಯೊಳಗೆ ನಡೆಯುವುದೇನು? ಆಯಿಲ್ ಹನಿ ತಾನಾಗಿ ಕೆಳಗೆ ಬೀಳಲಿ ಎಂದು ಕಾದರೆ ಆಗುವುದಿಲ್ಲ. 10 ಮೈಕ್ರಾನ್ ಅಗಲದ ಆಯಿಲ್ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಎರಡೂವರೆ ಮಿಲಿಮೀಟರಿನಷ್ಟು ಇಳಿಯುತ್ತದೆ. ಬೀಳುವ ವೇಗ ಅಗಲದ ವರ್ಗಕ್ಕೆ ತಕ್ಕಂತೆ ಇರುವುದರಿಂದ 1 ಮೈಕ್ರಾನಿನ ಹನಿ ಅದರ ನೂರನೇ ಒಂದು ಪಾಲಿನ ಆಸುಪಾಸಿನ ವೇಗದಲ್ಲಿ ಇಳಿಯುತ್ತದೆ; 10 ಸೆಂಟಿಮೀಟರ್ ಎತ್ತರದ ಡಬ್ಬಿಯ ತಳ ಮುಟ್ಟಲು ಅದಕ್ಕೆ ಗಂಟೆಯೇ ಹಿಡಿಯುತ್ತದೆ. ಹೋಸಿನ ಗಾಳಿ ಡಬ್ಬಿಯಲ್ಲಿ ಕೆಲವು ಸೆಕೆಂಡೂ ನಿಲ್ಲುವುದಿಲ್ಲ. ಹಾಗಾಗಿ ಗುರುತ್ವವನ್ನಷ್ಟೇ ನಂಬಿದ ಬರಿದಾದ ಡಬ್ಬಿ ಸಣ್ಣ ಹನಿಗಳನ್ನು ಹಿಡಿಯಲಾರದು.

ಹನಿಗಳನ್ನು ಹಿಡಿಯುವುದು ತಿರುವು. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಗಾಳಿ ಹೋದತ್ತ ಹೋಗುತ್ತದೆ, ಕಾಳು ತನ್ನ ತೂಕದ ದಾರಿ ಹಿಡಿಯುತ್ತದೆ. ಡಬ್ಬಿಯೊಳಗಿನ ಅಡ್ಡ ತಗಡುಗಳು ಗಾಳಿಯನ್ನು ಥಟ್ಟನೆ ತಿರುಗಿಸಿದಾಗ ಅನಿಲ ತಿರುಗುತ್ತದೆ, ಭಾರದ ಹನಿ ನೇರ ಹೋಗಿ ತಗಡಿಗೆ ಬಡಿದು ಅಲ್ಲೇ ಅಂಟುತ್ತದೆ. ಇನ್ನೂ ಸಣ್ಣವಕ್ಕೆ ಸ್ಟೀಲ್ ನಾರಿನ ಜಾಲರಿ ಅಥವಾ ಸಣ್ಣ ರಂಧ್ರಗಳ ಹಿತ್ತಾಳೆ ಬಣ್ಣದ ಕಂಚಿನ ಫಿಲ್ಟರ್ ಇಡುತ್ತಾರೆ. ಎಳೆಯಿಂದ ಎಳೆಗೆ ಗಾಳಿ ಸುತ್ತಿ ಬಳಸಿ ಹೋಗುವಾಗ ಹನಿಗಳು ಎಳೆಗಳಿಗೆ ತಾಗಿ, ಒಂದಕ್ಕೊಂದು ಕೂಡಿ, ದಪ್ಪವಾಗಿ ಇಳಿದುಬರುತ್ತವೆ. ಅತಿ ಸಣ್ಣ ಹನಿಗಳು, ಮೈಕ್ರಾನಿನ ಹತ್ತನೇ ಒಂದು ಪಾಲಿಗಿಂತ ಕಿರಿದಾದವು, ಗಾಳಿಯ ಅಣುಗಳ ಗುದ್ದಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ಅದೇ ಎಳೆಗಳಿಗೆ ತಾವೇ ಬಂದು ತಾಗುತ್ತವೆ. ಹಿಡಿಯಲು ಬಲು ಕಷ್ಟವಾದದ್ದು ಇವೆರಡರ ನಡುವಿನ ಗಾತ್ರ, ಮೈಕ್ರಾನಿನ ಮೂರನೇ ಒಂದು ಪಾಲಿನ ಆಸುಪಾಸಿನದು. ಬಡಿದು ಅಂಟುವಷ್ಟು ಭಾರವೂ ಇಲ್ಲ, ಅಲೆದಾಡುವಷ್ಟು ಹಗುರವೂ ಇಲ್ಲ. ಎಷ್ಟು ಬೆಲೆಯ ಡಬ್ಬಿಯೂ ಎಲ್ಲವನ್ನೂ ಹಿಡಿಯದಿರುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಆವಿ. ಆಯಿಲಿನ, ಪೆಟ್ರೋಲಿನ, ನೀರಿನ ಆವಿಗಳು ಹನಿಯೇ ಅಲ್ಲ, ಅನಿಲ. ಅವನ್ನು ಹಿಡಿಯಬೇಕಾದರೆ ತಣಿಸಬೇಕು. ಆದ್ದರಿಂದ ಡಬ್ಬಿ ಕೂರಿಸುವ ಜಾಗ ಮುಖ್ಯ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕ ಖಾಲಿ ಜಾಗ ಕಂಡಿತೆಂದು ಅಲ್ಲಿ ಬಿಗಿದರೆ ಹಿಡಿದ ಆಯಿಲೂ ಮತ್ತೆ ಆವಿಯಾಗಿ ಹೊರಡುತ್ತದೆ. ಮುಂಭಾಗದಲ್ಲಿ, ಓಡುವಾಗ ಗಾಳಿ ತಾಗುವ ಕಡೆ, ದಪ್ಪ ಅಲ್ಯೂಮಿನಿಯಂ ಡಬ್ಬಿಯನ್ನು ಕಾರಿನ ಒಡಲಿಗೆ ಬ್ರಾಕೆಟ್ ಹಾಕಿ ನಿಲ್ಲಿಸುವುದು ಒಳ್ಳೆಯದು. ಎಂಜಿನ್ನಿಗೇ ಬಿಗಿದರೆ ಅದರ ಬಿಸಿಯೂ ಅದುರಾಟವೂ ಡಬ್ಬಿಗೆ ಬರುತ್ತವೆ.

ಡಬ್ಬಿಯ ಅಗಲಕ್ಕೂ ಅರ್ಥವಿದೆ. 15 ಮಿಲಿಮೀಟರ್ ಹೋಸಿನಿಂದ 75 ಮಿಲಿಮೀಟರ್ ಅಗಲದ ಡಬ್ಬಿಗೆ ಬಂದಾಗ ದಾರಿಯ ವಿಸ್ತೀರ್ಣ 25 ಪಟ್ಟಾಗುತ್ತದೆ, ಗಾಳಿಯ ವೇಗ 25ನೇ ಒಂದು ಪಾಲಿಗೆ ಇಳಿಯುತ್ತದೆ. ಬಿದ್ದ ಆಯಿಲನ್ನು ಮತ್ತೆ ಎಬ್ಬಿಸಿ ಒಯ್ಯದಿರಲು ಆ ನಿಧಾನ ಬೇಕು. ಕೈಗೆ ಸಿಕ್ಕ ಚಿಕ್ಕ ಸಿಲಿಂಡರಿನಾಕಾರದ ಅಗ್ಗದ ಡಬ್ಬಿಗಳಲ್ಲಿ ಹಲವಕ್ಕೆ ಒಳಗೆ ತಗಡೂ ಇರುವುದಿಲ್ಲ, ಜಾಲರಿಯೂ ಇರುವುದಿಲ್ಲ. ಕೊಳ್ಳುವ ಮೊದಲು ಮುಚ್ಚಳ ತಿರುಗಿಸಿ ಒಳಗೆ ನೋಡಿ.

ಹೋಸಿನ ವಿಷಯದಲ್ಲಿ ಜಿಪುಣತನ ಬೇಡ. ರೇಡಿಯೇಟರಿಗೆ ಹಾಕುವ ರಬ್ಬರ್ ಹೋಸು ಬಿಸಿನೀರನ್ನು ತಡೆಯುತ್ತದೆ, ಆಯಿಲ್ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಆಯಿಲಿಗೆಂದೇ ಮಾಡಿದ ನೈಟ್ರೈಲ್ ರಬ್ಬರಿನದೋ ಇನ್ನೂ ಮೇಲ್ದರ್ಜೆಯದೋ ಬೇಕು, ನಿರ್ವಾತಕ್ಕೆ ಚಪ್ಪಟೆಯಾಗದಷ್ಟು ಗಟ್ಟಿ ಇರಬೇಕು. ಕಂಪನಿ ಕೊಟ್ಟ ಹೋಸಿಗಿಂತ ಸಣ್ಣ ಬಾಯಿಯದನ್ನು ಹಾಕಲೇಬಾರದು. ಹಾಕಿದರೆ ಕ್ರ್ಯಾಂಕ್‌ಕೇಸಿನ ಉಸಿರು ಕಟ್ಟಿಸಿದಂತೆ. ಹೋಸು ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ದ್ರವ ನಿಂತು ದಾರಿ ಮುಚ್ಚುತ್ತದೆ. ಡಬ್ಬಿಯ ಒಳಬರುವ ಬಾಯಿಗೆ ಟ್ಯಾಪೆಟ್ ಕವರಿನ ಹೋಸು, ಹೊರಹೋಗುವ ಬಾಯಿಗೆ ಇನ್‌ಟೇಕಿನ ಹೋಸು. ಇದು ತಿರುಗುಮುರುಗಾದರೆ ಒಳಗಿನ ತಗಡುಗಳ ಜೋಡಣೆಯೇ ವ್ಯರ್ಥ. ಶುದ್ಧ ಗಾಳಿಯ ಕಡೆಯ ಡಬ್ಬಿಗೂ ಎಂಜಿನ್ನಿನ ಕಡೆಯದೇ ಒಳಬರುವ ಬಾಯಿ, ಯಾಕೆಂದರೆ ಅದು ಕೆಲಸ ಮಾಡುವುದು ಗಾಳಿ ಹಿಮ್ಮುಖವಾದಾಗ.

ಕೂರಿಸಿದ ಮೇಲೆ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಎಲ್ಲಾದರೂ ಗಾಳಿ ಸೋರಿದರೆ, ಅಳತೆಗೆ ಸಿಗದ ಗಾಳಿ ಒಳಗೆ ಬಂದು ಎಂಜಿನ್ ಗುಟುರುಹಾಕುತ್ತದೆ. ಕಂಪ್ಯೂಟರ್ ಪೆಟ್ರೋಲ್ ಏರಿಸುತ್ತ ಹೋಗುವುದು ಸ್ಕ್ಯಾನರಿನಲ್ಲಿ ಕಾಣುತ್ತದೆ. ಡಿಪ್ ಸ್ಟಿಕ್ ಕೊಳವೆಗೆ ಒತ್ತಡ ಮಾಪಕ ಜೋಡಿಸಿ ಕ್ರ್ಯಾಂಕ್‌ಕೇಸ್ ನೋಡಬೇಕು. ಐಡ್ಲಿಂಗ್‌ನಲ್ಲಿ ಅಲ್ಲಿ ಕೊಂಚ ನಿರ್ವಾತ ಇರಬೇಕು. ಕಾಲು ಒತ್ತಿದಾಗ ಒತ್ತಡ ಏರುತ್ತಲೇ ಹೋದರೆ ಹೋಸು ಸಣ್ಣದಾಗಿದೆ, ಡಬ್ಬಿ ಕಟ್ಟಿಕೊಂಡಿದೆ, ಇಲ್ಲವೇ ರಿಂಗುಗಳೇ ಸೋತಿವೆ. ರಿಂಗು ಸೋತ ಎಂಜಿನ್ನಿಗೆ ಡಬ್ಬಿ ಔಷಧಿಯಲ್ಲ. ಡಬ್ಬಿ ಬೇಗ ಬೇಗ ತುಂಬುತ್ತಿದೆ ಎಂದು ಹಿಗ್ಗುವವರಿದ್ದಾರೆ. ಅದು ಎಂಜಿನ್ ಬಿಚ್ಚಿ ನೋಡಿ ಎಂಬ ಎಚ್ಚರಿಕೆ.

ಡಬ್ಬಿಯ ಬಾಯಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಹೊರಗಾಳಿಗೆ ಬಿಡುವ ಪದ್ಧತಿಯೂ ಇದೆ. ಅದು ರೇಸಿನ ಕಣದಿಂದ ಬಂದದ್ದು. ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದರೆ ಹಿಂದೆ ಬರುವವರ ಪ್ರಾಣಕ್ಕೆ ಸಂಚಕಾರ. ಹಾಗಾಗಿ ತೆರೆದ ಬ್ರೀದರ್ ಇರುವ ಕಾರುಗಳಿಗೆ 2 ಲೀಟರ್ ವರೆಗಿನ ಎಂಜಿನ್ನಾದರೆ 2 ಲೀಟರಿನ, ಅದಕ್ಕಿಂತ ದೊಡ್ಡದಾದರೆ 3 ಲೀಟರಿನ ಡಬ್ಬಿ ಇರಬೇಕೆಂದು ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮ ಮಾಡಿತು. ರಸ್ತೆಯ ಕಾರಿಗೆ ಈ ತೆರೆದ ಡಬ್ಬಿ ಬೇಡ. ಅದು ಹಾಗೆನ್-ಸ್ಮಿಟ್ ಮುಚ್ಚಿಸಿದ ಕೊಳವೆಯನ್ನು ಮತ್ತೆ ತೆರೆದಂತೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಯಾವುದೇ ಭಾಗಕ್ಕೂ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕು. ನಮ್ಮ ಭಾರತ್ ಸ್ಟೇಜ್ ನಿಯಮಗಳೂ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ಹೊರಗೆ ಹೋಗುವುದನ್ನು ಒಪ್ಪುವುದಿಲ್ಲ. 2016ರಿಂದ ಕೆಲವು ವರ್ಷ ಇದೇ 5.0 ಲೀಟರ್ ಮಸ್ಟಾಂಗ್ ಭಾರತದಲ್ಲೂ ಮಾರಾಟವಾಯಿತು. ಅಂಥ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಹೊರಟವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಲೇಬೇಕು. ನೋಂದಣಿ ಪತ್ರದಲ್ಲಿರುವ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಅದು ನಿಷೇಧಿಸುತ್ತದೆ.

ಡಬ್ಬಿ ಕೂರಿಸಿದರೆ ಶಕ್ತಿ ಹೆಚ್ಚುವುದಿಲ್ಲ. ಇರುವ ಶಕ್ತಿ ಸೋರದಂತೆ ಕಾಯುತ್ತದೆ, ಅದೂ ಹೊತ್ತಿಗೆ ಸರಿಯಾಗಿ ಬರಿದು ಮಾಡಿದರೆ ಮಾತ್ರ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬೆಚ್ಚಗಿನ ಊರಿನಲ್ಲಿ ಹೆದ್ದಾರಿಯಲ್ಲಿ ಓಡುವ ಕಾರಿನ ಡಬ್ಬಿಯಲ್ಲಿ ಕಂದು ಆಯಿಲ್ ಒಂದಿಷ್ಟು ಕಾಣುತ್ತದೆ. ಮಿಷಿಗನ್ ಅಥವಾ ಮಿನೆಸೋಟದ ಚಳಿಗಾಲದಲ್ಲಿ, ಸಣ್ಣ ಸಣ್ಣ ದೂರ ಓಡಿ ಬಿಸಿಯೇರುವ ಮೊದಲೇ ನಿಲ್ಲುವ ಕಾರಿನಲ್ಲಿ ಅದೇ ಡಬ್ಬಿ ನೀರೂ ಆಯಿಲೂ ಕಲೆತ ಮಾಸಲು ಹಳದಿ ನೊರೆಯಿಂದ ಬೇಗ ತುಂಬುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅದು ಹೆಪ್ಪುಗಟ್ಟಿ ಹೋಸು ಮುಚ್ಚಿದರೆ ಕ್ರ್ಯಾಂಕ್‌ಕೇಸಿಗೆ ಹೊರದಾರಿ ಇಲ್ಲ. ಆ ಕಡೆಯ ರಾಜ್ಯಗಳಲ್ಲಿ ನೆಲೆಸಿ ಇಂಥ ಕಾರು ಇಟ್ಟುಕೊಂಡಿರುವ ಕನ್ನಡಿಗರಿಗೆ ನನ್ನ ಮಾತು: ಚಳಿಗಾಲದಲ್ಲಿ ಪೆಟ್ರೋಲ್ ತುಂಬಿಸುವಾಗಲೆಲ್ಲ ಒಮ್ಮೆ ಡಬ್ಬಿಯ ಮಟ್ಟ ನೋಡಿ.

ಡಬ್ಬಿಯಲ್ಲಿ ಸಿಕ್ಕ ಆಯಿಲನ್ನು ಎಂಜಿನ್ನಿಗೆ ಮರಳಿ ಸುರಿಯಬೇಡಿ. ಅದರಲ್ಲಿ ನೀರಿದೆ, ಪೆಟ್ರೋಲಿದೆ, ದಹನದ ಆಮ್ಲಗಳಿವೆ. ಚರಂಡಿಗೂ ಮಣ್ಣಿಗೂ ಚೆಲ್ಲಬೇಡಿ. ಮುಚ್ಚಳವಿರುವ ಪಾತ್ರೆಯಲ್ಲಿ ಕೂಡಿಟ್ಟು, ಆಯಿಲ್ ಬದಲಾಯಿಸಿದಾಗ ತೆಗೆದ ಹಳೆಯ ಆಯಿಲಿನ ಜೊತೆಗೇ ಮರುಸಂಸ್ಕರಣೆಗೆ ಕೊಡಿ.